ಅಯ್ಯಾವೊಳೆಯ ಐನೂರ್ವರೂ ಪರಮಂಡಲಗಳ ವ್ಯಾಪಾರವೂ

ಕೊಪ್ಪಳ ಜಿಲ್ಲೆಯ ಕುಕನೂರು, ಇಟಗಿ, ಮಂಗಳೂರು ಮೊದಲಾದ ಗ್ರಾಮಗಳುಳ್ಳ ಎರೆಯ ಸೀಮೆಯು ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಒಂದು ಮೂಲೆಯ ನಾಡಾಗಿರಲಿಲ್ಲ. ಅದರ ಉತ್ತರಕ್ಕೆ ಅಯ್ಯಾವೊಳೆ, ಎಂದರೆ ಈಗಿನ ಐಹೊಳೆ, ಪಶ್ಚಿಮಕ್ಕೆ ಲೊಕ್ಕಿಗದ್ಯಾಣವೆಂಬ ಹೊನ್ನಿಗೆ ಹೆಸರಿತ್ತ ಲಕ್ಕುಂಡಿ, ದಕ್ಷಿಣಕ್ಕೆ ತುಂಗಭದ್ರೆ. ಅಯ್ಯಾವೊಳೆಯ ಹೆಸರನ್ನು ಹೊತ್ತ ಐನೂರ್ವರು ಸ್ವಾಮಿಗಳೆಂಬ ವರ್ತಕಸಂಘವು ಅನೇಕ ರಾಜ್ಯಗಳ ಪೇಟೆಗಳನ್ನು ಒಂದಕ್ಕೊಂದು ಹೆಣೆದ ಬಗೆಯು ವಿಚಾರಾರ್ಹವಾಗಿದೆ.

1054ರ ಸುಮಾರಿನಲ್ಲಿ ಚಾಲುಕ್ಯ ಸೋಮೇಶ್ವರನಿಗೂ ಚೋಳ ರಾಜಾಧಿರಾಜನಿಗೂ ಕೊಪ್ಪಮ್ ಎಂಬಲ್ಲಿ ಘೋರ ಯುದ್ಧವಾಗಿ, ಚೋಳನು ಆನೆಯ ಮೇಲೆಯೇ ಮಡಿದನು. ಈ ಸ್ಥಳವನ್ನು ಕೆಲವು ವಿದ್ವಾಂಸರು ಕೊಪ್ಪಳವೆಂದೂ, ಬೇರೆ ಕೆಲವರು ಕೃಷ್ಣಾತೀರದ ಖಿದ್ರಾಪುರವೆಂದೂ ಹೇಳುತ್ತಾರೆ. ಅದು ಹೇಗಾದರೂ ಇರಲಿ. ಹೆಚ್ಚುಕಡಿಮೆ ಅದೇ ಕಾಲಕ್ಕೆ ಸೇರಿದ ಶಿಕಾರಿಪುರ ಸೀಮೆಯ ಶಾಸನವೊಂದು ಐನೂರ್ವರನ್ನು ಹೊಗಳುತ್ತ, ಅವರು ಸಂಚರಿಸುವ ದೇಶಗಳಲ್ಲಿ ಚೇರ, ಚೋಳ, ಪಾಂಡ್ಯಗಳನ್ನು ಎಣಿಸುತ್ತದೆ. ಅರಸನಿಗೆ ಯಾವುದು ಶತ್ರುದೇಶವೋ ವರ್ತಕನಿಗೆ ಅದು ಪೇಟೆ. ಆನೆ, ಕುದುರೆ, ಮುತ್ತು, ವಜ್ರ, ಏಲಕ್ಕಿ, ಲವಂಗ, ಕರ್ಪೂರ, ಕಸ್ತೂರಿಗಳನ್ನು ಇವರು ಸಗಟಾಗಿಯೂ ಮಾರುತ್ತಿದ್ದರು, ಹೆಗಲ ಮೇಲೆ ಹೊತ್ತೂ ಮಾರುತ್ತಿದ್ದರು.

ಆದರೆ ಪ್ರಶಸ್ತಿಯನ್ನು ಪ್ರಶಸ್ತಿಯೆಂದೇ ಓದತಕ್ಕುದು. ಅದೇ ಪಟ್ಟಿಯಲ್ಲಿ ಮಗಧ, ನೇಪಾಳ, ಪಾರಸಗಳ ಜೊತೆಗೆ ಏಕಪಾದ, ಲಂಬಕರ್ಣ, ಸ್ತ್ರೀರಾಜ್ಯಗಳೂ ಬರುತ್ತವೆ. ಒಂಟಿಕಾಲಿನವರ ನಾಡಿಗೆ ಯಾವ ಸೆಟ್ಟಿಯೂ ಹೇರು ಸಾಗಿಸಿರಲಾರನು. ಇವು ಪುರಾಣಗಳಿಂದ ಬಂದ ಹೆಸರುಗಳು. ನಂಬತಕ್ಕ ಸಾಕ್ಷ್ಯವು ಕನ್ನಡನಾಡಿನ ಹೊರಗೆ ದೊರೆತಿದೆ. ಕರ್ಪೂರಕ್ಕೆ ಹೆಸರಾದ ಸುಮಾತ್ರದ ಬಾರುಸ್ ಸೀಮೆಯಲ್ಲಿ ಶಕವರ್ಷ 1010ರ, ಎಂದರೆ ಕ್ರಿ.ಶ. 1088ರ, ತಮಿಳು ಶಾಸನವಿದ್ದು, ಅದು ಈ ಐನೂರ್ವರದೇ. ಹಡಗಿನವರು ಕಸ್ತೂರಿಯ ಬೆಲೆಗೆ ಅನುಸಾರವಾಗಿ ಹೊನ್ನಿನ ಕಾಣಿಕೆ ಕೊಡಬೇಕೆಂಬ ಕಟ್ಟಳೆ ಅದರಲ್ಲಿದೆ. ಸಂಘದ ಹೆಸರು ಕನ್ನಡ ಊರಿನದು, ಶಾಸನದ ಭಾಷೆ ತಮಿಳು, ನೆಲ ಮಲಯರದು! ಒಂದೇ ಕುಲಕ್ಕಾಗಲಿ ಒಂದೇ ಭಾಷೆಗಾಗಲಿ ಸೇರದವರು ಉಭಯನಾನಾದೇಶಿಗಳೆನಿಸಿಕೊಂಡುದು ಬರಿಯ ಬಿರುದಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇವರನ್ನು ಕೂಡಿಸಿದುದು ಯಾವ ಚಕ್ರವರ್ತಿಯ ಆಜ್ಞೆಯೂ ಅಲ್ಲ, ಬಣಂಜುಧರ್ಮವೆಂಬ ತಮ್ಮದೇ ಕಟ್ಟು. ದಾರಿಯ ರಕ್ಷಣೆಗೆ ಆಯುಧ ಹಿಡಿದವರನ್ನು ಸಂಘವೇ ಇಟ್ಟುಕೊಂಡಿತ್ತು. ಊರೂರಿನ ದೇವಾಲಯಗಳಿಗೆ ಹೇರಿಗಿಷ್ಟೆಂದು ತಾನೇ ಆಯವನ್ನು ಕಟ್ಟಿಕೊಂಡಿತ್ತು. ಅರಸರ ಸುಂಕವಾದರೋ ತಪ್ಪಲಿಲ್ಲ. ಚಾಲುಕ್ಯರಾಜ್ಯದಲ್ಲಿ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆಗಳೆಂಬ ಸುಂಕಗಳೂ, ಅವನ್ನೆತ್ತುವ ಅಧಿಕಾರಿಗಳೂ ಇದ್ದರು. ಸುಂಕದ ನಷ್ಟವನ್ನು ತಪ್ಪಿಸಿ ವರ್ತಕರು ಅರಸನ ಭಂಡಾರವನ್ನು ತುಂಬುವರೆಂದು ಮೇಲಿನ ಶಾಸನವು ಹೇಳುತ್ತದೆ. ಸ್ತುತಿಯಂತೆ ತೋರುವ ಈ ಮಾತಿನಲ್ಲಿ ಒಂದು ಒಪ್ಪಂದದ ಧ್ವನಿಯಿದೆ: ದಾರಿಯನ್ನು ಬಿಡುವ ಅರಸನಿಗೆ ಹೊನ್ನು ತಾನಾಗಿ ಬರುವುದು. ಚೋಳರಲ್ಲಿ ಮೊದಲನೆಯ ಕುಲೋತ್ತುಂಗನು (1070–1122) ಸುಂಕವನ್ನು ನೀಗಿ, ಸುಂಗಂ ತವಿರ್ತ್ತನೆಂಬ ಬಿರುದನ್ನೇ ಪಡೆದನು.

ಕಲ್ಯಾಣದ ಚಾಲುಕ್ಯರು ಹನ್ನೆರಡನೆಯ ಶತಮಾನದ ಕೊನೆಗೆ ಅಳಿದರು. ಆದರೆ ಹದಿಮೂರನೆಯ ಶತಮಾನದಲ್ಲಿ ಬರ್ಮಾದ ಪಗಾನಿನಲ್ಲಿ ನಾನಾದೇಶಿಗಳ ಹೆಸರಿನ ವಿಷ್ಣುದೇವಾಲಯವೊಂದು ಇದ್ದಿತು; ಮಲೆಮಂಡಲದಿಂದ ಬಂದ ಭಕ್ತನೊಬ್ಬನು ಅದಕ್ಕೆ ಮಂಟಪವನ್ನು ಕಟ್ಟಿಸಿ, ಬಾಗಿಲನ್ನಿಡಿಸಿ, ಒಂದು ದೀಪವನ್ನು ಕೊಟ್ಟನು.