ಪುಲ್ಲಿಯ ಗುರುತು ಮತ್ತು ಎಂಜಿನ್ ಟೈಮಿಂಗ್: ಮರುಜೋಡಣೆಯಲ್ಲಿ ಗಮನಿಸಬೇಕಾದ ಅಂಶಗಳು

ಪೆಟ್ರೋಲ್ ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟಿನ ಮುಂತುದಿಯಲ್ಲಿ ಕೂಡಿಸಿರುವ ಪುಲ್ಲಿಯು ಬೆಲ್ಟಿನ ಮೂಲಕ ಡೈನಮೊ, ಫ್ಯಾನು ಮುಂತಾದವನ್ನು ತಿರುಗಿಸುತ್ತದೆ. ಹಲವು ಎಂಜಿನ್ನುಗಳಲ್ಲಿ ಇದೇ ಪುಲ್ಲಿಯ ಅಂಚಿನ ಮೇಲೆ ಸಣ್ಣ ಗೀರೊಂದಿದ್ದು, ಅದರೆದುರು ಎಂಜಿನ್ನಿನ ಮೈಮೇಲೆ ಸೂಚಕವಿರುತ್ತದೆ. ಒಳಗಿನ ಪಿಸ್ಟನ್ ಎಲ್ಲಿದೆ ಎಂಬುದನ್ನು ಹೊರಗಿನಿಂದ ತಿಳಿಸುವುದು ಈ ಗುರುತಿನ ಕೆಲಸ. ಪ್ಲಗ್ಗಿನಲ್ಲಿ ಕಿಡಿ ಹಾರಬೇಕಾದ ಕ್ಷಣವನ್ನು ಇದನ್ನು ನೋಡಿಯೇ ಹೊಂದಿಸಲಾಗುತ್ತದೆ. ಆದರೆ ಶಾಫ್ಟಿನ ಮೇಲೆ ಪುಲ್ಲಿ ತನ್ನ ಸ್ಥಾನದಲ್ಲಿದ್ದರೆ ಮಾತ್ರ ಗುರುತು ನಿಜ ಹೇಳುತ್ತದೆ.

ಪುಣೆ-ಹೈದರಾಬಾದ್ ಮಾರ್ಗದ ರಾಷ್ಟ್ರೀಯ ಹೆದ್ದಾರಿ 65 (ಹಿಂದಿನ 9) ಬೀದರ್ ಜಿಲ್ಲೆಯ ಹುಮನಾಬಾದ್ ಮೂಲಕ ಸಾಗುತ್ತದೆ. ಈ ಭಾಗದ ನಿರ್ಣಾದಂಥ ಊರಿನಲ್ಲಿ ಹಳೆಯ ಕಾರು ಅಥವಾ ಜೀಪು ಕೆಟ್ಟು ನಿಂತರೆ, ಅದನ್ನು ಹುಮನಾಬಾದಿಗೋ ಬಸವಕಲ್ಯಾಣಕ್ಕೋ ಎಳೆದೊಯ್ಯುವ ಖರ್ಚೇ ಬೆಲ್ಟಿನ ಬೆಲೆಯನ್ನು ಮೀರಬಹುದು. 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್ ಮತ್ತು ಮಾರುತಿ 800, ಅದಕ್ಕೂ ಮೊದಲೇ ನಿಂತ ಪ್ರೀಮಿಯರ್ ಪದ್ಮಿನಿ ಮುಂತಾದ ವಾಹನಗಳನ್ನು ಉಳಿಸಿಕೊಂಡವರು ಈ ಸಣ್ಣ ಗೀರಿನ ಮಹತ್ವವನ್ನು ಅರಿತಿರುವುದು ಒಳ್ಳೆಯದು.

ಕೆಲವೇ ಡಿಗ್ರಿಗಳ ಲೆಕ್ಕ

ಇಂಧನ ಮತ್ತು ಗಾಳಿಯ ಮಿಶ್ರಣ ಉರಿಯಲು ಸ್ವಲ್ಪ ಕಾಲ ಬೇಕು. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಸೆಕೆಂಡಿನ ಸಾವಿರದ 2 ಭಾಗದಷ್ಟು ಅವಧಿಯಲ್ಲಿ ಕ್ರ್ಯಾಂಕ್‌ಶಾಫ್ಟ್ 36 ಡಿಗ್ರಿ ಸರಿದಿರುತ್ತದೆ. ಆದ್ದರಿಂದಲೇ ಪಿಸ್ಟನ್ ತುತ್ತತುದಿಗೆ, ಅಂದರೆ ಮೆಕ್ಯಾನಿಕರು ‘ಟಾಪ್’ ಎನ್ನುವ ಸ್ಥಾನಕ್ಕೆ, ತಲುಪುವ ಮೊದಲೇ ಕಿಡಿ ಹಾರಬೇಕು. ವಿಲ್ಲಿಸ್ ಜೀಪಿನ ಹರಿಕೇನ್ ಎಂಜಿನ್ನಿಗೆ ನಿಗದಿಯಾದದ್ದು ಟಾಪ್‌ಗಿಂತ 5 ಡಿಗ್ರಿ ಮೊದಲು. 150 ಮಿಲಿಮೀಟರ್ ವ್ಯಾಸದ ಪುಲ್ಲಿಯ ಅಂಚಿನಲ್ಲಿ ಒಂದು ಡಿಗ್ರಿ ಎಂದರೆ ಸುಮಾರು 1.3 ಮಿಲಿಮೀಟರ್ ಮಾತ್ರ. ಗುರುತು 4 ಮಿಲಿಮೀಟರ್ ಸರಿದರೂ ಟೈಮಿಂಗ್ 3 ಡಿಗ್ರಿ ತಪ್ಪುತ್ತದೆ.

ಕಿಡಿ ಬೇಗ ಹಾರಿದರೆ ಎಂಜಿನ್ ಬಡಿಯುತ್ತದೆ, ಪಿಸ್ಟನ್‌ಗೆ ಪೆಟ್ಟಾಗುತ್ತದೆ. ಕೈಹಿಡಿಯಿಂದ ಸ್ಟಾರ್ಟ್ ಮಾಡುವ ಜೀಪಿನಲ್ಲಾದರೆ ಹಿಡಿ ಹಿಮ್ಮುಖವಾಗಿ ಹೊಡೆದು ಕೈ ಮುರಿಯುವ ಅಪಾಯವೂ ಇದೆ. ತಡವಾಗಿ ಹಾರಿದರೆ ಎಳೆಯುವ ಶಕ್ತಿ ಕುಗ್ಗಿ, ಎಂಜಿನ್ ಕಾದು, ಪೆಟ್ರೋಲ್ ಹೆಚ್ಚು ಖರ್ಚಾಗುತ್ತದೆ.

ಗುರುತು ಸುಳ್ಳಾಗುವುದು ಹೇಗೆ?

ಪುಲ್ಲಿಯನ್ನು ಶಾಫ್ಟಿನ ಮೇಲೆ ಒಂದೇ ಸ್ಥಾನದಲ್ಲಿ ಹಿಡಿದಿಡುವುದು ಉಕ್ಕಿನ ಸಣ್ಣ ಕೀ. ಮಧ್ಯದ ಬೋಲ್ಟ್ ಸಡಿಲವಾಗಿದ್ದರೆ ಕೀ ಸವೆಯುತ್ತದೆ, ಅದರ ಗಾಡಿ ಅಗಲವಾಗುತ್ತದೆ, ಕೊನೆಗೆ ಕೀ ಕತ್ತರಿಸಿಹೋಗುತ್ತದೆ. ಕೆಲವು ಪುಲ್ಲಿಗಳಲ್ಲಿ ಒಳಗುಂಬಕ್ಕೂ ಹೊರ ಉಂಗುರಕ್ಕೂ ನಡುವೆ ರಬ್ಬರ್ ಪದರವಿರುತ್ತದೆ. ಅದು ಹಳತಾಗಿ ಬಿಟ್ಟುಕೊಂಡರೆ ಗುರುತಿರುವ ಹೊರ ಉಂಗುರ ಮಾತ್ರ ಜಾರುತ್ತದೆ. ಇಂಥ ಪುಲ್ಲಿಯನ್ನು ನಂಬಿ ಡಿಸ್ಟ್ರಿಬ್ಯೂಟರ್ ತಿರುಗಿಸಿದರೆ ಸರಿಯಿದ್ದ ಟೈಮಿಂಗ್ ಕೂಡ ಕೆಡುತ್ತದೆ. ಬಳಿಕ ಕಾರ್ಬ್ಯುರೇಟರ್ ಶುಚಿಗೊಳಿಸಿ, ಪ್ಲಗ್ ಬದಲಿಸಿ ಹಣ ಸುರಿದರೂ ದೋಷ ಉಳಿದೇ ಇರುತ್ತದೆ.

ಗುರುತನ್ನು ಪರೀಕ್ಷಿಸುವ ವಿಧಾನ ಸರಳ. ಮೊದಲನೆಯ ಸಿಲಿಂಡರಿನ ಪ್ಲಗ್ ತೆಗೆದು, ಪಿಸ್ಟನ್ ಪೂರ್ತಿ ಮೇಲೇರದಂತೆ ತಡೆಯುವ ತಿರುಪಿನ ಅಡ್ಡಿಯೊಂದನ್ನು ಆ ರಂಧ್ರದಲ್ಲಿ ಕೂಡಿಸಬೇಕು. ಎಂಜಿನ್ನನ್ನು ಕೈಯಿಂದಲೇ ನಿಧಾನವಾಗಿ ತಿರುಗಿಸಿ, ಪಿಸ್ಟನ್ ತಾಗಿ ನಿಂತಾಗ ಸೂಚಕದ ಎದುರು ಪುಲ್ಲಿಯ ಮೇಲೆ ಗೆರೆ ಎಳೆಯಬೇಕು. ಹಿಮ್ಮುಖವಾಗಿ ತಿರುಗಿಸಿ ಇನ್ನೊಂದು ಗೆರೆ ಎಳೆಯಬೇಕು. ಎರಡು ಗೆರೆಗಳ ನಡುವಿನ ಚಿಕ್ಕ ಅಂತರದ ಮಧ್ಯಬಿಂದುವೇ ನಿಜವಾದ ಟಾಪ್. ಕಾರ್ಖಾನೆಯ ಟಾಪ್ ಗುರುತು ಅದಕ್ಕೆ ಹೊಂದದಿದ್ದರೆ ಕೀ ಅಥವಾ ಪುಲ್ಲಿಯನ್ನು ಬದಲಿಸಬೇಕು.

ಬಿಚ್ಚುವಾಗ, ಕೂಡಿಸುವಾಗ

ಬ್ಯಾಟರಿಯ ತಂತಿ ಕಳಚಿದ ನಂತರವೇ ಕೆಲಸ ಆರಂಭಿಸಬೇಕು. ಪುಲ್ಲಿ ಬಿಚ್ಚುವ ಮೊದಲು ಒಂದನೇ ಸಿಲಿಂಡರನ್ನು ಕಂಪ್ರೆಷನ್ ಹೊಡೆತದ ಟಾಪ್‌ಗೆ ತರಬೇಕು. ನಾಲ್ಕು ಹೊಡೆತಗಳ ಎಂಜಿನ್ನಿನಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಕ್ಯಾಮ್‌ಶಾಫ್ಟ್ ತಿರುಗುವುದು ಒಂದೇ ಸುತ್ತು. ಹೀಗಾಗಿ ಪುಲ್ಲಿಯ ಗುರುತು ಎರಡು ಬಾರಿ ಹೊಂದಿದರೂ ಕಿಡಿ ಹಾರಬೇಕಾದದ್ದು ಒಂದು ಬಾರಿ ಮಾತ್ರ. ಪ್ಲಗ್ ರಂಧ್ರದ ಮೇಲೆ ಬೆರಳಿಟ್ಟಾಗ ಗಾಳಿ ಒತ್ತಿ ಹೊರಬಂದರೆ ಅದು ಕಂಪ್ರೆಷನ್.

ಪುಲ್ಲಿಯನ್ನು ಪುಲ್ಲರ್‌ನಿಂದಲೇ ಎಳೆಯಬೇಕು. ಸುತ್ತಿಗೆಯಿಂದ ಬಡಿದರೆ ಅಂಚು ಬಾಗುತ್ತದೆ, ರಬ್ಬರ್ ಪದರವೂ ಕೀಳುತ್ತದೆ. ಮರಳಿ ಕೂಡಿಸುವಾಗ ಶಾಫ್ಟ್ ಮತ್ತು ಗಾಡಿಯನ್ನು ಒರೆಸಿ, ಕೀ ಕೂತಿದೆಯೇ ಎಂದು ನೋಡಿ, ಬೋಲ್ಟನ್ನು ತಯಾರಕರು ಹೇಳಿದಷ್ಟೇ ಬಿಗಿಯಬೇಕು. ಮಾರುತಿ 800ರಂತೆ ಹಲ್ಲಿನ ಟೈಮಿಂಗ್ ಬೆಲ್ಟ್ ಇರುವ ಎಂಜಿನ್ನಿನಲ್ಲಿ ಆ ಬೆಲ್ಟನ್ನೂ ಬಿಚ್ಚಿದ್ದರೆ ಕ್ರ್ಯಾಂಕ್ ಮತ್ತು ಕ್ಯಾಮ್ ಎರಡರ ಗುರುತುಗಳೂ ಏಕಕಾಲಕ್ಕೆ ಹೊಂದಬೇಕು. ಒಂದೆರಡು ಹಲ್ಲು ತಪ್ಪಿದರೂ ಎಂಜಿನ್ ಸರಿಯಾಗಿ ಓಡದು. ಕೆಲವು ಎಂಜಿನ್ನುಗಳಲ್ಲಿ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಬಾಗುವ ಸಂಭವವೂ ಉಂಟು.

ಜೋಡಣೆಯ ನಂತರ ಎಂಜಿನ್ನನ್ನು ಕೈಯಿಂದ ಅದು ಓಡುವ ದಿಕ್ಕಿನಲ್ಲೇ ಎರಡು ಪೂರ್ಣ ಸುತ್ತು ತಿರುಗಿಸಿ ಗುರುತುಗಳನ್ನು ಮತ್ತೆ ನೋಡಬೇಕು. ಎಲ್ಲಿಯಾದರೂ ತಡೆದರೆ ಬಲ ಹಾಕದೆ ಬಿಚ್ಚಿ ಪರೀಕ್ಷಿಸಬೇಕು. ಕೊನೆಗೆ ಎಂಜಿನ್ ಓಡಿಸಿ, ಟೈಮಿಂಗ್ ಲೈಟಿನ ಬೆಳಕಿನಲ್ಲಿ ಡಿಸ್ಟ್ರಿಬ್ಯೂಟರನ್ನು ಹೊಂದಿಸಬೇಕು.

ಡೀಸೆಲ್ ಎಂಜಿನ್ನಿಗೆ ಕಿಡಿಯಿಲ್ಲ. ಅಲ್ಲಿ ಹೊಂದಿಸಬೇಕಾದದ್ದು ಇಂಧನ ಚಿಮ್ಮುವ ಸಮಯ. ಇಂದಿನ ಪೆಟ್ರೋಲ್ ಕಾರುಗಳಲ್ಲಿ ಸೆನ್ಸರ್ ಮತ್ತು ಕಂಪ್ಯೂಟರ್ ಕಿಡಿಯ ಕಾಲವನ್ನು ನಿರ್ಧರಿಸುತ್ತವೆ. ಆದರೆ ಸೆನ್ಸರ್ ಓದುವ ಹಲ್ಲಿನ ಚಕ್ರ ಪುಲ್ಲಿಯಲ್ಲೇ ಇರುವ ಕಡೆ, ಪುಲ್ಲಿ ಜಾರಿದರೆ ಕಂಪ್ಯೂಟರಿಗೂ ತಪ್ಪು ಲೆಕ್ಕವೇ ಸಿಗುತ್ತದೆ. ವಾಹನದ ಮಾಲೀಕರು ಗ್ಯಾರೇಜಿನಿಂದ ಹೊರಡುವ ಮುನ್ನ ಹಳೆಯ ಕೀಯನ್ನು ತೋರಿಸುವಂತೆ ಕೇಳುವುದು, ಎರಡು ಸುತ್ತಿನ ಪರೀಕ್ಷೆಯನ್ನು ತಮ್ಮೆದುರೇ ಮಾಡಿಸುವುದು ಸೂಕ್ತ.