95ನೆಯ ಅಧ್ಯಾಯದ ಪೆಟ್ಟಿಗೆ

ಭಾರತದ ಕಸ್ಟಮ್ಸ್ ಸುಂಕದ ಪಟ್ಟಿಯಲ್ಲಿ 84ನೆಯ ಅಧ್ಯಾಯ ಯಂತ್ರಗಳದ್ದು. ಬಾಯ್ಲರು, ಪಂಪು, ಹೊಲಿಗೆ ಯಂತ್ರಗಳ ಜೊತೆಗೆ ಕಂಪ್ಯೂಟರಿಗೂ ಅಲ್ಲೇ ಜಾಗ. 95ನೆಯದು ಆಟಿಕೆಗಳ ಅಧ್ಯಾಯ. ಗೊಂಬೆ, ಇಸ್ಪೀಟು, ಕ್ರಿಕೆಟ್ ಬ್ಯಾಟುಗಳ ನಡುವೆ ವಿಡಿಯೋ ಗೇಮ್ ಕನ್ಸೋಲ್ ಕೂತಿರುವುದು ಅಲ್ಲಿ. ಎರಡು ಪೆಟ್ಟಿಗೆಗಳನ್ನೂ ಬಿಚ್ಚಿ ನೋಡಿದರೆ ಒಳಗಿರುವುದು ಒಂದೇ ಬಗೆಯ ಸಾಮಾನು: ಪ್ರೊಸೆಸರ್, ಮೆಮೊರಿ, ಚಿತ್ರ ಮೂಡಿಸುವ ಚಿಪ್ಪು. ಆದರೂ ಒಂದು ಉಪಕರಣ, ಇನ್ನೊಂದು ಆಟದ ಸಾಮಾನು. 1997ರಲ್ಲಿ ಭಾರತ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿ, 2005ರ ಹೊತ್ತಿಗೆ ಕಂಪ್ಯೂಟರುಗಳ ಮೇಲಿನ ಮೂಲ ಆಮದು ಸುಂಕವನ್ನು ಸೊನ್ನೆಗೆ ಇಳಿಸಿತು. ಕನ್ಸೋಲಿಗೆ ಆ ಭಾಗ್ಯ ಬರಲಿಲ್ಲ. 2015ರಲ್ಲಿ ಒಪ್ಪಂದವನ್ನು ಹಿಗ್ಗಿಸಿ ಕನ್ಸೋಲನ್ನೂ ಒಳಗೆ ಸೇರಿಸಿದಾಗ ಭಾರತ ಹೊರಗೇ ಉಳಿಯಿತು. 2017ರ ಜುಲೈನಲ್ಲಿ ಜಿಎಸ್‌ಟಿ ಬಂತು. ಕಂಪ್ಯೂಟರಿಗೆ ಶೇ 18, ಕನ್ಸೋಲಿಗೆ ಶೇ 28. ಅದು 18ಕ್ಕೆ ಇಳಿಯಲು 2019ರ ಜನವರಿಯವರೆಗೆ ಕಾಯಬೇಕಾಯಿತು.

ಈಗಿನ ಕನ್ಸೋಲುಗಳ ಬಗ್ಗೆ ಆಟಗಾರರು ಹೇಳುವ ದೂರುಗಳು ನಿಮಗೆ ಗೊತ್ತಿರಬಹುದು. ಬೆಲೆ ಪಿಸಿಯ ಹತ್ತಿರ ಬಂದಿದೆ, ಆನ್‌ಲೈನ್ ಆಡಲು ಚಂದಾ ಕಟ್ಟಬೇಕು, ಡಿಸ್ಕು ಮಾಯವಾಗುತ್ತಿದೆ, ಆಟ ಬಿಟ್ಟು ಬೇರೇನೂ ಮಾಡಲು ಬಾರದು. ಅಮೆರಿಕದಲ್ಲೋ ಜಪಾನಿನಲ್ಲೋ ಇದು ಹೊಸ ನಿರಾಸೆ. ನಮ್ಮಲ್ಲಿ ಹಾಗಲ್ಲ. ಪಿಸಿ ಇಲ್ಲಿ ಗೆದ್ದದ್ದು ಅದರ ಆಟಗಳು ಚೆನ್ನಾಗಿದ್ದವು ಎಂಬ ಕಾರಣಕ್ಕಲ್ಲ, ಅದು ಆಟದ ಸಾಮಾನು ಅಲ್ಲ ಎಂದು ಮನೆಯ ಹಿರಿಯರನ್ನು ನಂಬಿಸಲು ಆಗುತ್ತಿತ್ತು ಎಂಬ ಕಾರಣಕ್ಕೆ. ಈ ಮಾತನ್ನು ಮುಂಬೈನ ಲ್ಯಾಮಿಂಗ್ಟನ್ ರೋಡನ್ನೋ ಬೆಂಗಳೂರಿನ ಎಸ್.ಪಿ. ರೋಡನ್ನೋ ನೋಡಿ ಅರ್ಥ ಮಾಡಿಕೊಳ್ಳುವುದು ಕಷ್ಟ. ಅಲ್ಲಿ ಎಲ್ಲವೂ ಸಿಗುತ್ತಿತ್ತು. ನಾಶಿಕ, ಔರಂಗಾಬಾದಿನಂಥ ಕೈಗಾರಿಕಾ ಊರುಗಳಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. (2023ರಿಂದ ಔರಂಗಾಬಾದ್ ಅಧಿಕೃತವಾಗಿ ಛತ್ರಪತಿ ಸಂಭಾಜಿನಗರ. ಹಿಂದಿನ ಮಾತು ಬಂದಲ್ಲಿ ಹಳೆಯ ಹೆಸರನ್ನೇ ಬಳಸಿದ್ದೇನೆ.)

ಈ ಎರಡು ಊರುಗಳೂ ಕನ್ನಡಿಗರಿಗೆ ಅಪರಿಚಿತವಲ್ಲ. ನಾಶಿಕದ ಪಕ್ಕದ ಓಝರಿನಲ್ಲಿ 1960ರ ದಶಕದಿಂದ ಮಿಗ್ ವಿಮಾನ ಕಟ್ಟುತ್ತಿದ್ದ ಎಚ್‌ಎಎಲ್, ಸಾತಪುರದಲ್ಲಿರುವ ಮೈಕೊ, ಅಂದರೆ ಇಂದಿನ ಬಾಷ್, ಎರಡರ ಕೇಂದ್ರ ಕಚೇರಿಯೂ ಬೆಂಗಳೂರಿನಲ್ಲಿ. ಔರಂಗಾಬಾದು 1956ರವರೆಗೆ ಕಲಬುರಗಿ, ಬೀದರ್, ರಾಯಚೂರುಗಳ ಜೊತೆ ಒಂದೇ ಹೈದರಾಬಾದ್ ರಾಜ್ಯದಲ್ಲಿತ್ತು. ಸಂಬಳ ತಿಂಗಳ ಕೊನೆಗೆ ಬರುವ, ದೊಡ್ಡ ಖರೀದಿಯನ್ನು ದಸರಾ ದೀಪಾವಳಿ ಬೋನಸ್ಸಿಗೆ ಕಟ್ಟಿಟ್ಟ ಮನೆಗಳು ಇವು. ಇಂಥ ಮನೆಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂಬುದೇ ನಮ್ಮ ಕಥೆ.

ಮೊದಲು ಬಂದದ್ದು ಕನ್ಸೋಲೇ. 1990ರ ದಶಕದಲ್ಲಿ ಅದಕ್ಕೆ ಆ ಹೆಸರಿರಲಿಲ್ಲ, 'ಟಿವಿ ಗೇಮ್' ಎನ್ನುತ್ತಿದ್ದರು. 1983ರಲ್ಲಿ ನಿಂಟೆಂಡೊ ಜಪಾನಿನಲ್ಲಿ ಬಿಟ್ಟ ಫ್ಯಾಮಿಕಾಮ್ ಯಂತ್ರದ ನಕಲುಗಳು ತೈವಾನ್, ಚೀನಾಗಳಿಂದ ಜಗತ್ತಿನ ಅರ್ಧಕ್ಕೆ ಹರಡಿದ್ದವು. ರಷ್ಯಾದಲ್ಲಿ ಅದು 'ಡೆಂಡಿ', ನಮ್ಮಲ್ಲಿ ಊರಿಗೊಂದು ಹೆಸರು. ಹಳದಿ ಕ್ಯಾಸೆಟ್ಟಿನ ಮೇಲೆ ಸಾವಿರಾರು ಆಟ ಇವೆ ಎಂದು ಬರೆದಿರುತ್ತಿತ್ತು. ಒಳಗೆ ಅವೇ ಹತ್ತು ಹದಿನೈದು ಆಟಗಳು ಬೇರೆ ಬೇರೆ ಹೆಸರಲ್ಲಿ ಸುತ್ತುತ್ತಿದ್ದವು. ಕಾಂಟ್ರಾದಲ್ಲಿ ಮೂವತ್ತು ಜೀವ ಪಡೆಯಲು ಒತ್ತಬೇಕಾದ ಗುಂಡಿಗಳ ಕ್ರಮ ಮಗ್ಗಿಗಿಂತ ಚೆನ್ನಾಗಿ ಬಾಯಿಪಾಠವಾಗಿತ್ತು. ಆ್ಯಂಟೆನಾ ವೈರು ಕಿತ್ತು ಅಲ್ಲಿಗೆ ಇದನ್ನು ಸಿಕ್ಕಿಸಿ, ಚಾನೆಲ್ ತಿರುಗಿಸಿ ಚಿತ್ರ ಹಿಡಿಯಬೇಕಿತ್ತು. ಎಷ್ಟೋ ಮನೆಗಳಲ್ಲಿ ಆ ಟಿವಿ ವಿಡಿಯೋಕಾನ್ ಆಗಿರುತ್ತಿತ್ತು, ಅಂದರೆ ಔರಂಗಾಬಾದಿನ ಹೊರವಲಯದ ಚಿತೆಗಾಂವ್ ಕಾರ್ಖಾನೆಯ ಕಂಪನಿಯದು.

ನನ್ನ ಪ್ರಕಾರ ಭಾರತದಲ್ಲಿ ಕನ್ಸೋಲಿನ ಒಳ್ಳೆಯ ಕಾಲ ಅದೊಂದೇ. ಅಗ್ಗ, ಕೆಟ್ಟರೆ ಟಿವಿ ರಿಪೇರಿಯವನೇ ಸರಿಮಾಡುತ್ತಿದ್ದ, ಕ್ಯಾಸೆಟ್ಟು ಕೈಯಿಂದ ಕೈಗೆ ಹೋಗುತ್ತಿತ್ತು. ಎಲ್ಲವೂ ನಕಲಿ ಎಂಬುದು ಬೇರೆ ಮಾತು. ಅಸಲಿ ಬರಲೇ ಇಲ್ಲವೆಂದಲ್ಲ. 1990ರ ದಶಕದ ಮಧ್ಯದಲ್ಲಿ ಸೆಗಾ ಕಂಪನಿಯ ಮೆಗಾ ಡ್ರೈವ್ ಯಂತ್ರವನ್ನು ಇಲ್ಲಿ ಮಾರಲು ಮುಂದಾದದ್ದು ಶಾ ವಾಲೇಸ್. ವಿಸ್ಕಿಗೆ ಹೆಸರಾದ ಕಂಪನಿ ಮಕ್ಕಳ ಆಟದ ಯಂತ್ರ ಮಾರುವ ದೃಶ್ಯ ಆ ಉದಾರೀಕರಣದ ದಿನಗಳಲ್ಲಿ ಯಾರಿಗೂ ವಿಚಿತ್ರವೆನಿಸಲಿಲ್ಲ. ಆದರೆ ಅಸಲಿಯ ಬೆಲೆ ಕೇಳಿದವರು ನಕಲಿಗೇ ಮರಳಿದರು.

'ವಿಡಿಯೋ ಗೇಮ್' ಎಂಬ ಮಾತಿಗೆ ಹಿರಿಯರ ಕಿವಿಯಲ್ಲಿ ಇನ್ನೊಂದು ವಾಸನೆಯೂ ಇತ್ತು. ಬಸ್ ಸ್ಟ್ಯಾಂಡಿನ ಬಳಿಯ ಪಾರ್ಲರುಗಳಲ್ಲಿ ನಾಣ್ಯ ಹಾಕಿ ಆಡುವ ಯಂತ್ರಗಳ ಪಕ್ಕದಲ್ಲೇ ಜೂಜಿನ ಯಂತ್ರಗಳೂ ಇರುತ್ತಿದ್ದವು. ಬೆಂಗಳೂರಿನಲ್ಲಿ ಇಂಥ ಸಾರ್ವಜನಿಕ ಮನರಂಜನೆಯ ಸ್ಥಳಗಳಿಗೆ 1989ರ ಆದೇಶವೊಂದು ಪರವಾನಗಿ ಕಡ್ಡಾಯ ಮಾಡಿತು. ಪಾರ್ಲರು ಮಾಲೀಕರು ಕೋರ್ಟಿಗೆ ಹೋದರು. ಎಂ.ಜೆ. ಶಿವಾನಿ ಪ್ರಕರಣವೆಂದು ಹೆಸರಾದ ಆ ವ್ಯಾಜ್ಯದಲ್ಲಿ 1995ರಲ್ಲಿ ಸುಪ್ರೀಂ ಕೋರ್ಟು ಸರ್ಕಾರದ ನಿಯಂತ್ರಣವನ್ನು ಎತ್ತಿಹಿಡಿಯಿತು. ಯಾವ ಆಟ ಕೌಶಲದ್ದು, ಯಾವುದು ಅದೃಷ್ಟದ್ದು ಎಂಬ ಚರ್ಚೆ ಅಲ್ಲಿ ನಡೆಯಿತು. ವಿಡಿಯೋ ಗೇಮನ್ನು ಸುಂಕದ ಅಧಿಕಾರಿ ಆಟಿಕೆ ಎಂದು ಕಂಡರೆ, ಪೊಲೀಸರು ಜೂಜಿನ ನೆರೆಮನೆ ಎಂದು ಕಂಡರು. ಮಗನಿಗೆ ಅದನ್ನು ಕೊಡಿಸಲು ಅಪ್ಪ ಹಿಂದೇಟು ಹಾಕಿದ್ದರಲ್ಲಿ ಆಶ್ಚರ್ಯವೇನಿದೆ?

ಕಂಪ್ಯೂಟರ್ ಮನೆಗೆ ಬಂದ ದಾರಿಯೇ ಬೇರೆ. ನಾಶಿಕದಲ್ಲಿ 1989ರಲ್ಲಿ ಯಶವಂತರಾವ್ ಚವಾಣ್ ಮಹಾರಾಷ್ಟ್ರ ಮುಕ್ತ ವಿಶ್ವವಿದ್ಯಾಲಯ ಶುರುವಾಯಿತು. ದೂರಶಿಕ್ಷಣದ ಕೇಂದ್ರಗಳ ಮೂಲಕ ಕಂಪ್ಯೂಟರ್ ಕೋರ್ಸುಗಳು ಸಣ್ಣ ಊರುಗಳಿಗೂ ಹೋದವು. 2001ರಲ್ಲಿ ಮಹಾರಾಷ್ಟ್ರ ನಾಲೆಡ್ಜ್ ಕಾರ್ಪೊರೇಷನ್ ಹುಟ್ಟಿ ಎಂಎಸ್-ಸಿಐಟಿ ಎಂಬ ಕೋರ್ಸನ್ನು ತಂದಿತು. ರಾಜ್ಯ ಸರ್ಕಾರಿ ನೌಕರಿಗೆ ಆ ಪ್ರಮಾಣಪತ್ರ ಬೇಕೆಂದಾದ ಮೇಲೆ ಗಲ್ಲಿಗೊಂದು ಕೇಂದ್ರ ಎದ್ದಿತು. ಗುಮಾಸ್ತರು, ಮೇಷ್ಟ್ರುಗಳು, ಹತ್ತನೆಯ ತರಗತಿ ಮುಗಿಸಿ ರಜೆಯಲ್ಲಿದ್ದ ಮಕ್ಕಳು ಒಂದೇ ಬೆಂಚಿನಲ್ಲಿ ಕೂತು ಮೌಸ್ ಹಿಡಿಯುವುದನ್ನು ಕಲಿತರು. ಕ್ಲಾಸು ಮುಗಿದ ಮೇಲೆ ಅದೇ ಯಂತ್ರಗಳಲ್ಲಿ ರೋಡ್ ರ‍್ಯಾಷ್ ತೆರೆದುಕೊಳ್ಳುತ್ತಿತ್ತು.

ಕೋರ್ಸಿನ ಹಿಂದೆಯೇ ಮನೆಗೆ ಅಸೆಂಬಲ್ಡ್ ಪಿಸಿ ಬಂತು. ಈ 'ಅಸೆಂಬಲ್ಡ್' ಎಂಬ ಪದದಲ್ಲೇ ಕನ್ಸೋಲಿನ ಸೋಲು ಅಡಗಿದೆ. ಅಂಗಡಿಯವನ ಹತ್ತಿರ ಕೂತು ಒಂದೊಂದೇ ಭಾಗಕ್ಕೆ ಚೌಕಾಸಿ ಮಾಡಬಹುದಿತ್ತು. ಗ್ರಾಫಿಕ್ಸ್ ಕಾರ್ಡು ಮುಂದಿನ ವರ್ಷಕ್ಕೆ, ಈಗ ರ‍್ಯಾಮ್ ಸ್ವಲ್ಪ ಜಾಸ್ತಿ ಹಾಕಿಸೋಣ ಎಂಬ ಲೆಕ್ಕಾಚಾರ ಮಧ್ಯಮ ವರ್ಗದ ರಕ್ತದಲ್ಲೇ ಇತ್ತು. ಬೋನಸ್ಸಿಗೊಂದು ಭಾಗ ಸೇರುತ್ತಾ ಪಿಸಿ ಬೆಳೆಯುತ್ತಿತ್ತು. ಕನ್ಸೋಲಾದರೆ ಇಡಿಯಾಗಿ ಕೊಳ್ಳಬೇಕು, ಹಳತಾದರೆ ಇಡಿಯಾಗಿ ಬಿಡಬೇಕು.

ಊರು ಬಿಟ್ಟು ಬಂದ ಕನ್ನಡದ ಮನೆಗಳಿಗೆ ಇನ್ನೂ ಒಂದು ಲಾಭವಿತ್ತು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶ ಬಂದ ಮೇಲೆ ಅದೇ ಪೆಟ್ಟಿಗೆಯಲ್ಲಿ ಕನ್ನಡ ಬರೆಯಬಹುದಾಯಿತು. ನಾಶಿಕದಲ್ಲಿ ಕೂತು ಧಾರವಾಡದ ಅಣ್ಣನಿಗೆ ಕನ್ನಡದಲ್ಲೇ ಮೇಲ್ ಕಳಿಸಬಹುದು, ಬೆಂಗಳೂರಿನ ಪೇಪರ್ ಓದಬಹುದು. ಹಗಲು ಅಪ್ಪನ ಪತ್ರ, ಅಕ್ಕನ ಪ್ರಾಜೆಕ್ಟು. ರಾತ್ರಿ ತಮ್ಮನ ವೈಸ್ ಸಿಟಿ. ಇಷ್ಟು ಜನ ಪಾಲುದಾರರಿರುವ ವಸ್ತುವಿಗೆ ಮನೆಯಲ್ಲಿ ವಿರೋಧ ಹುಟ್ಟುವುದಿಲ್ಲ. ಆಟದ ಸೀಡಿಗಳು ಬಹುಪಾಲು ಪೈರಸಿ. ಪಿಸಿ ಗೇಮಿಂಗಿನ ಗುಣಗಾನ ಮಾಡುವವರು ಇದನ್ನು ನುಂಗಿಬಿಡುತ್ತಾರೆ. ಆದರೆ ನಮ್ಮ ಪಿಸಿ ಗೇಮಿಂಗಿನ ತಳಪಾಯವೇ ಕದ್ದ ಸೀಡಿ.

2005ರ ಆಸುಪಾಸಿನಿಂದ ಹಲವು ವರ್ಷ ಮಹಾರಾಷ್ಟ್ರವನ್ನು ಕಾಡಿದ ಲೋಡ್ ಶೆಡ್ಡಿಂಗನ್ನೂ ಇಲ್ಲಿ ನೆನೆಯಬೇಕು. ಪಿಸಿಯ ಜೊತೆ ಯುಪಿಎಸ್ ಬಂದೇ ಬರುತ್ತಿತ್ತು. ಕರೆಂಟು ಹೋದಾಗ ಅದು ಕೀಚ್ ಕೀಚ್ ಎನ್ನುವಷ್ಟರಲ್ಲಿ ಆಟ ಸೇವ್ ಮಾಡಿಕೊಂಡರೆ ಬಚಾವು. ಟಿವಿಗೆ ಕಟ್ಟಿದ ಪ್ಲೇಸ್ಟೇಷನ್‌ಗೆ ಆ ಸೌಕರ್ಯ ಎಲ್ಲಿಯದು?

ಪ್ಲೇಸ್ಟೇಷನ್ 2 ಈ ಊರುಗಳಿಗೆ ಬಂದದ್ದು ಹೆಚ್ಚಾಗಿ ಮನೆಗಲ್ಲ, ಪಾರ್ಲರಿಗೆ. ಗಂಟೆಗಿಷ್ಟು ಎಂದು ಕೊಟ್ಟು ಕುಸ್ತಿಯನ್ನೋ ಫುಟ್‌ಬಾಲನ್ನೋ ಇಬ್ಬಿಬ್ಬರು ಆಡುತ್ತಿದ್ದರು. ಕನ್ಸೋಲಿನ ನಿಜವಾದ ಗುಣ ಅಲ್ಲಿ ಕಾಣುತ್ತಿತ್ತು: ಒಂದು ಸೋಫಾ, ಎರಡು ರಿಮೋಟು, ಹಿಂದೆ ನಿಂತು ಸಲಹೆ ಕೊಡುವ ನಾಲ್ವರು. 2000ದಲ್ಲಿ ಅಮೆರಿಕದಲ್ಲಿ 299 ಡಾಲರಿಗೆ ಬಂದ ಆ ಯಂತ್ರ 2009ಕ್ಕೆ 99 ಡಾಲರಿಗೆ ಇಳಿದಿತ್ತು. ಕಾಯುವ ತಾಳ್ಮೆ ಇದ್ದವನಿಗೆ ಕನ್ಸೋಲ್ ಅಗ್ಗವಾಗುತ್ತದೆ ಎಂಬ ನಿಯಮ ಆಗ ನಡೆಯುತ್ತಿತ್ತು.

ಆಟಿಕೆ ಎಂಬ ಹಣೆಪಟ್ಟಿ ಸೋನಿಗೂ ಬೇಡವಾಗಿತ್ತು. ಪ್ಲೇಸ್ಟೇಷನ್ 2 ಕಂಪ್ಯೂಟರ್ ಎಂದು ಒಪ್ಪಿಸಿ ಸುಂಕ ಉಳಿಸಲು ಅದು ಯುರೋಪಿನಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿತು. 2006ರ ಪ್ಲೇಸ್ಟೇಷನ್ 3ರಲ್ಲಿ ಲಿನಕ್ಸ್ ಹಾಕಿಕೊಳ್ಳುವ ಅವಕಾಶವನ್ನೇ ಕೊಟ್ಟಿತು. ಅಮೆರಿಕದ ವಾಯುಪಡೆ ಸಾವಿರದ ಏಳುನೂರಕ್ಕೂ ಹೆಚ್ಚು ಪ್ಲೇಸ್ಟೇಷನ್ 3 ಜೋಡಿಸಿ ಸೂಪರ್ ಕಂಪ್ಯೂಟರ್ ಕಟ್ಟಿತು. ಭಾರತಕ್ಕೆ ಆ ಯಂತ್ರ 2007ರ ಏಪ್ರಿಲ್‌ನಲ್ಲಿ 39,990 ರೂಪಾಯಿಗೆ ಬಂತು. ಆ ದುಡ್ಡಿಗೆ ಅಪ್ಪನಿಗೆ ಹೇಳಲು ಒಂದು ನೆಪವಾದರೂ ಇತ್ತು: ಇದೂ ಕಂಪ್ಯೂಟರೇ. 2010ರ ಏಪ್ರಿಲ್ 1ರಂದು ಒಂದು ಅಪ್‌ಡೇಟ್ ಕಳಿಸಿ ಸೋನಿ ಆ ಸೌಲಭ್ಯವನ್ನು ಕಿತ್ತುಕೊಂಡಿತು. ದುಡ್ಡು ಕೊಟ್ಟು ಕೊಂಡ ವಸ್ತು ಒಂದು ಬೆಳಗ್ಗೆ ಮೊದಲಿಗಿಂತ ಕಡಿಮೆಯಾಗಬಹುದು ಎಂದು ಜನ ಕಲಿತದ್ದು ಆಗ. ಕನ್ಸೋಲಿನ ಇತಿಹಾಸದಲ್ಲಿ ನಾನು ದೊಡ್ಡದೆಂದು ಎಣಿಸುವ ತಿರುವು ಇದು, ಯಾವ ಹೊಸ ಚಿಪ್ಪಿನ ಬಿಡುಗಡೆಯೂ ಅಲ್ಲ.

ಆಮೇಲಿನದ್ದು ಬೇಗ ಹೇಳಿಬಿಡಬಹುದು. 2013ರಲ್ಲಿ ಮೈಕ್ರೋಸಾಫ್ಟ್ ತನ್ನ ಹೊಸ ಎಕ್ಸ್‌ಬಾಕ್ಸಿನಲ್ಲಿ ಹಳೆಯ ಡಿಸ್ಕಿನ ಮರುಮಾರಾಟಕ್ಕೆ ಕಡಿವಾಣ ಹಾಕಲು ಹೊರಟು, ಗದ್ದಲವೆದ್ದ ಮೇಲೆ ಹಿಂದೆ ಸರಿಯಿತು. ಆಗ ಸೋನಿ ಆಟ ಎರವಲು ಕೊಡುವುದು ಹೇಗೆ ಎಂಬ ಪುಟ್ಟ ವಿಡಿಯೋ ಮಾಡಿ ಎದುರಾಳಿಯನ್ನು ಗೇಲಿ ಮಾಡಿತು. ಒಬ್ಬ ಇನ್ನೊಬ್ಬನ ಕೈಗೆ ಡಬ್ಬಿ ಕೊಡುತ್ತಾನೆ, ಅಷ್ಟೇ. ಅದೇ ವರ್ಷದ ಪ್ಲೇಸ್ಟೇಷನ್ 4ರಲ್ಲಿ, ಅದುವರೆಗೆ ಪುಕ್ಕಟೆಯಾಗಿದ್ದ ಆನ್‌ಲೈನ್ ಆಟಕ್ಕೆ ಚಂದಾ ಬಂತು. 2020ರಲ್ಲಿ ಎರಡೂ ಕಂಪನಿಗಳು ಡಿಸ್ಕಿನ ಕಿಂಡಿಯೇ ಇಲ್ಲದ ಮಾದರಿಗಳನ್ನು ಬಿಟ್ಟವು. ಎರವಲು ಕೊಡಲು ಈಗ ಕೈಯಲ್ಲಿ ಡಬ್ಬಿಯೇ ಇಲ್ಲ.

ಪ್ಲೇಸ್ಟೇಷನ್ 5 ಭಾರತಕ್ಕೆ ಬಂದದ್ದು 2021ರ ಫೆಬ್ರವರಿ 2ರಂದು, 49,990 ರೂಪಾಯಿಗೆ. ಸೋನಿಯ ಹೊಸ ಆಟವೊಂದಕ್ಕೆ 4,999. ಇಪ್ಪತ್ತೊಂದು ತಿಂಗಳ ನಂತರ ಇಳಿಯಬೇಕಾದ ಬೆಲೆ 54,990ಕ್ಕೆ ಏರಿತು. ಒಳಗಿರುವುದು ಎಎಂಡಿ ಕಂಪನಿಯ ಚಿಪ್ಪು, ಪಿಸಿಯಲ್ಲಿ ಸಿಗುವ ಕುಲದ್ದೇ. ಸೋನಿಯಲ್ಲಿ ಮಾತ್ರ ಆಡಬಹುದಾಗಿದ್ದ ಆಟಗಳೂ 2020ರಿಂದ ಒಂದೊಂದಾಗಿ ಪಿಸಿಗೆ ಬರತೊಡಗಿದವು: ಹೊರೈಜನ್, ಗಾಡ್ ಆಫ್ ವಾರ್, ಸ್ಪೈಡರ್‌ಮ್ಯಾನ್. ಬೀಗ ಹಾಕಿದ ಪಿಸಿಯನ್ನು ಯಾಕೆ ಕೊಳ್ಳಬೇಕು ಎಂಬ ಪ್ರಶ್ನೆಗೆ ಉತ್ತರ ಹೇಳುವುದು ಅಂಗಡಿಯವನಿಗೂ ಕಷ್ಟವಾಯಿತು. 2024ರ ನವೆಂಬರ್‌ನಲ್ಲಿ ಬಂದ ಪ್ಲೇಸ್ಟೇಷನ್ 5 ಪ್ರೊ ಆಗ ಭಾರತಕ್ಕೆ ಬರಲೇ ಇಲ್ಲ. ಅದರ ವೈಫೈ ಬಳಸುವ 6 ಗಿಗಾಹರ್ಟ್ಸ್ ತರಂಗಕ್ಕೆ ಇಲ್ಲಿ ಅನುಮತಿ ಇರಲಿಲ್ಲ. ಇನ್ನೂ ತಮಾಷೆಯದು ಪುಣೆಯ ನಾಡಿಂಗ್ ಹೆಡ್ಸ್ ತಂಡ ಮಾಡಿದ 'ರಾಜಿ' ಆಟದ ಕಥೆ. ನಮ್ಮ ಪುರಾಣದ ಹಿನ್ನೆಲೆಯ ಈ ಆಟ 2020ರ ಆಗಸ್ಟ್‌ನಲ್ಲಿ ಮೊದಲು ಬಿಡುಗಡೆಯಾದದ್ದು ನಿಂಟೆಂಡೊ ಸ್ವಿಚ್‌ನಲ್ಲಿ. ನಿಂಟೆಂಡೊ ಭಾರತದಲ್ಲಿ ಅಧಿಕೃತವಾಗಿ ಮಾರದ ಯಂತ್ರ ಅದು. ನಾಶಿಕದ ಹುಡುಗ ತನ್ನ ಪಕ್ಕದ ಊರಿನವರ ಆಟವನ್ನು ಪಿಸಿಯಲ್ಲಿ ಆಡಲು ಅಕ್ಟೋಬರ್‌ವರೆಗೆ ಕಾಯಬೇಕಾಯಿತು.

ಪಿಸಿಯೂ ಸಾಧುವಲ್ಲ. 2021ರಲ್ಲಿ ಬಿಟ್‌ಕಾಯಿನ್ ಬಗೆಯ ನಾಣ್ಯ ಅಗೆಯುವವರ ದೆಸೆಯಿಂದ ಗ್ರಾಫಿಕ್ಸ್ ಕಾರ್ಡಿನ ಬೆಲೆ ಮುಟ್ಟಲಾಗದಂತಾಗಿತ್ತು. ಸ್ಟೀಮ್ 2015ರಲ್ಲಿ ರೂಪಾಯಿ ಬೆಲೆ ತಂದು ಕದ್ದ ಸೀಡಿಯ ಕಾಲವನ್ನು ಬಹುಮಟ್ಟಿಗೆ ಮುಗಿಸಿತು ನಿಜ, ಆದರೆ ಅಲ್ಲಿ ಕೊಂಡ ಆಟವೂ ಕಾನೂನಿನ ಕಣ್ಣಲ್ಲಿ ಪರವಾನಗಿಯೇ ಹೊರತು ಸ್ವಂತ ಆಸ್ತಿಯಲ್ಲ. 2024ರಿಂದ ಖರೀದಿಯ ಹೊತ್ತಿಗೆ ಸ್ಟೀಮೇ ಅದನ್ನು ಬರೆದು ತೋರಿಸುತ್ತದೆ.

ಆದರೂ ವ್ಯತ್ಯಾಸ ಎಲ್ಲಿದೆ ಎಂದು ಕೇಳಿದರೆ ನಾನು ಕ್ರಿಕೆಟ್ 07 ಕಡೆ ಕೈ ತೋರಿಸುತ್ತೇನೆ. ಇಎ ಕಂಪನಿ ಅದನ್ನು 2006ರ ನವೆಂಬರ್‌ನಲ್ಲಿ ಪಿಸಿ ಮತ್ತು ಪ್ಲೇಸ್ಟೇಷನ್ 2 ಎರಡಕ್ಕೂ ಬಿಟ್ಟಿತು. ಆಮೇಲೆ ಆ ಸರಣಿಯಲ್ಲಿ ಇನ್ನೊಂದು ಆಟ ಬರಲಿಲ್ಲ. ಐಪಿಎಲ್ ಶುರುವಾದದ್ದು 2008ರಲ್ಲಿ. ಪ್ಲೇಸ್ಟೇಷನ್ 2ರ ಡಿಸ್ಕಿನಲ್ಲಿ ಇಂದಿಗೂ ದ್ರಾವಿಡ್, ತೆಂಡೂಲ್ಕರರ ಕಾಲದ ತಂಡವೇ ಇದೆ. ಪಿಸಿಯಲ್ಲಾದರೆ ಅಭಿಮಾನಿಗಳು ಫೈಲು ಬಿಚ್ಚಿ ಪ್ರತಿ ವರ್ಷ ಹೊಸ ಜೆರ್ಸಿ, ಹೊಸ ಮೈದಾನ, ಹೊಸ ಆಟಗಾರರನ್ನು ತುಂಬುತ್ತಾ ಬಂದರು. ಆರ್‌ಸಿಬಿಯ ಕೆಂಪು ಜೆರ್ಸಿ ತೊಟ್ಟ ಕೊಹ್ಲಿ ಅಲ್ಲಿ ಬ್ಯಾಟು ಹಿಡಿಯುತ್ತಾನೆ. ಅದಕ್ಕೆ ಗ್ರಾಫಿಕ್ಸ್ ಕಾರ್ಡೂ ಬೇಕಿಲ್ಲ, ಚಂದಾವೂ ಇಲ್ಲ. ಹಗಲಲ್ಲಿ ಅಂಗಡಿಯ ಲೆಕ್ಕ ಬರೆಯುವ ಹಳೆಯ ಪಿಸಿಯಲ್ಲೂ ಅದು ಓಡುತ್ತದೆ.