ಮೆಥಿಲೀನ್ ಬ್ಲೂ

ಥಯಜೀನ್ ವರ್ಗದ ಕೃತಕ ವರ್ಣದ್ರವ್ಯ. ಗಾಢ ಹಸಿರು ಹರಳುಗಳ ರೂಪದಲ್ಲಿದ್ದು ನೀರಿನಲ್ಲಿ ಕರಗಿದಾಗ ನೀಲಿ ದ್ರಾವಣವಾಗುತ್ತದೆ. ಜರ್ಮನಿಯ ಬಿಎಎಸ್‌ಎಫ್ ಸಂಸ್ಥೆಯ ಹೈನ್ರಿಖ್ ಕಾರೋ 1876ರಲ್ಲಿ ಇದನ್ನು ಬಟ್ಟೆಯ ಬಣ್ಣವಾಗಿ ತಯಾರಿಸಿದನಾದರೂ ಇದು ಹೆಸರಾದದ್ದು ಪ್ರಯೋಗಾಲಯದಲ್ಲಿ.

ರಂಜನ ವಿಧಾನಗಳು: ಧನವಿದ್ಯುದಂಶವುಳ್ಳ ಇದರ ಅಣು ಜೀವಕೋಶದ ನ್ಯೂಕ್ಲಿಯಿಕ್ ಆಮ್ಲಗಳಿಗೆ ಅಂಟುವುದರಿಂದ ಕೋಶಕೇಂದ್ರವೂ ಬ್ಯಾಕ್ಟೀರಿಯವೂ ನೀಲಿಯಾಗಿ ಕಾಣುತ್ತವೆ. ರಾಬರ್ಟ್ ಕಾಖ್ 1882ರಲ್ಲಿ ಕ್ಷಯಾಣುವನ್ನು ತೋರಿಸಿಕೊಟ್ಟದ್ದು ಕ್ಷಾರ ಬೆರೆಸಿದ ಮೆಥಿಲೀನ್ ಬ್ಲೂವಿನಿಂದ. ಇಂದಿನ ಝೀಲ್-ನೀಲ್ಸೆನ್ ಕಫ ಪರೀಕ್ಷೆಯಲ್ಲಿ ಕೆಂಪು ಕ್ಷಯಾಣುಗಳ ಸುತ್ತ ಕಾಣುವ ನೀಲಿ ಹಿನ್ನೆಲೆಯೂ ಸಾಮಾನ್ಯವಾಗಿ ಇದರದೇ.

ಆದರೆ ರಕ್ತಪರೀಕ್ಷೆಯ ಚರಿತ್ರೆಯನ್ನು ತಿರುಗಿಸಿದ್ದು ಶುದ್ಧ ಬಣ್ಣವಲ್ಲ, ಹಳಸಿದ ಬಣ್ಣ. ರಷ್ಯದ ದ್ಮಿತ್ರಿ ರೊಮನೋವ್‌ಸ್ಕಿ 1891ರಲ್ಲಿ ಇದನ್ನು ಇಯೋಸಿನ್ ಎಂಬ ಕೆಂಪು ಬಣ್ಣದೊಂದಿಗೆ ಬೆರೆಸಿದಾಗ ಮಲೇರಿಯ ಪರೋಪಜೀವಿಯ ಕೋಶಕೇಂದ್ರ ನೀಲಿಯೂ ಕೆಂಪೂ ಆಗದೆ ನೇರಳೆಗೆ ತಿರುಗಿತು. ದ್ರಾವಣ ಹಳತಾದಂತೆ ಉತ್ಕರ್ಷಣದಿಂದ ಅಣುವಿನ ಮೀಥೈಲ್ ಗುಂಪುಗಳು ಒಂದೊಂದಾಗಿ ಕಳಚಿ ಅಜೂರ್ ಬಿ ಮೊದಲಾದ ಹೊಸ ಬಣ್ಣಗಳು ಹುಟ್ಟುವುದೇ ಇದಕ್ಕೆ ಕಾರಣ. ಇದೇ ವರ್ಷ ಎರ್ನ್‌ಸ್ಟ್ ಮಲಖೋವ್‌ಸ್ಕಿ ಬೋರಾಕ್ಸ್ ಬೆರೆಸಿ ಇದೇ ಫಲ ಪಡೆದಿದ್ದುದರಿಂದ ಮೊದಲಿಗನ ಗೌರವವನ್ನು ಒಬ್ಬನಿಗೇ ಸಲ್ಲಿಸುವುದು ಕಷ್ಟ. ಭಾರತದ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿರುವ ಲೀಶ್‌ಮನ್ ರಂಜಕವೂ ಗೀಮ್ಸಾ ರಂಜಕವೂ ಈ ಪರಂಪರೆಯವು. ಒಣಗಿದ ರಕ್ತಲೇಪದ ಮೇಲೆ ಲೀಶ್‌ಮನ್ ದ್ರಾವಣ ಸುರಿದೊಡನೆ ಅದರಲ್ಲಿರುವ ಮೆಥನಾಲ್ ಕೋಶಗಳನ್ನು ಗಾಜಿಗೆ ಕಚ್ಚಿಸುತ್ತದೆ. ಬಣ್ಣ ಸರಿಯಾಗಿ ಹಿಡಿಯುವುದು ಬಫರ್ ನೀರು ಸೇರಿಸಿದ ಮೇಲೆ, ದ್ರವದ ಮೇಲೆ ಲೋಹದ ಹೊಳಪಿನ ತೆಳುಪದರ ಕಟ್ಟುವಾಗ. ನೀರಿನ ಆಮ್ಲತೆ ಹೆಚ್ಚಾದರೆ ಲೇಪ ಕೆಂಪಡರುತ್ತದೆ, ಕ್ಷಾರತೆ ಹೆಚ್ಚಾದರೆ ನೀಲಿಗಟ್ಟುತ್ತದೆ.

ಚಿಕಿತ್ಸೆ: ಪಾಲ್ ಎರ್ಲಿಖ್ ಈ ಬಣ್ಣ ಜೀವಂತ ನರತಂತುಗಳನ್ನೂ ಮಲೇರಿಯ ಪರೋಪಜೀವಿಯನ್ನೂ ಆಯ್ದು ಹಿಡಿಯುವುದನ್ನು ಗಮನಿಸಿ, 1891ರಲ್ಲಿ ಬರ್ಲಿನ್ನಿನಲ್ಲಿ ಪಾಲ್ ಗುಟ್ಮನ್‌ನೊಡನೆ ಇಬ್ಬರು ಮಲೇರಿಯ ರೋಗಿಗಳಿಗೆ ಇದನ್ನು ಕೊಟ್ಟ. ಪೂರ್ಣ ಕೃತಕ ವಸ್ತುವೊಂದನ್ನು ಸೋಂಕುರೋಗಕ್ಕೆ ಮದ್ದಾಗಿ ಬಳಸಿದ ಮೊದಲ ನಿದರ್ಶನವೆಂದು ಇದನ್ನು ಸಾಮಾನ್ಯವಾಗಿ ಪರಿಗಣಿಸಲಾಗಿದೆ. ಕ್ವಿನೈನ್‌ನ ಮುಂದೆ ಮಾತ್ರ ಇದು ನಿಲ್ಲಲಿಲ್ಲ.

ಇಂದಿನ ಮುಖ್ಯ ಬಳಕೆ ಮೆಥೆಮೊಗ್ಲೊಬಿನೀಮಿಯ ಎಂಬ ಸ್ಥಿತಿಯಲ್ಲಿ. ನೈಟ್ರೈಟ್, ಡ್ಯಾಪ್ಸೋನ್ ಮುಂತಾದವು ಹಿಮೊಗ್ಲೊಬಿನ್ನಿನ ಕಬ್ಬಿಣವನ್ನು ಉತ್ಕರ್ಷಿಸಿದಾಗ ಅದು ಆಮ್ಲಜನಕ ಹೊರಲಾರದಾಗಿ ತುಟಿ, ಉಗುರು ನೀಲಿಗಟ್ಟುತ್ತವೆ. ದೇಹತೂಕದ ಪ್ರತಿ ಕಿಲೋಗ್ರಾಂಗೆ 1-2 ಮಿಲಿಗ್ರಾಂನಂತೆ ನಿಧಾನವಾಗಿ ಅಭಿಧಮನಿಗೆ ಕೊಟ್ಟ ಬಣ್ಣ ಕೆಂಪು ರಕ್ತಕಣದಲ್ಲಿ ಬಣ್ಣವಿಲ್ಲದ ರೂಪಕ್ಕೆ ಇಳಿದು ಆ ಕಬ್ಬಿಣವನ್ನು ಮರಳಿ ಸರಿಪಡಿಸುತ್ತದೆ; ಅತಿಯಾದರೆ ಅದೇ ವಿಕಾರವನ್ನು ತಾನೇ ಉಂಟುಮಾಡಬಲ್ಲದು. ಜಿ6ಪಿಡಿ ಕಿಣ್ವದ ಕೊರತೆಯಿರುವವರಲ್ಲಿ ರಕ್ತಕಣಗಳು ಒಡೆಯುವ ಅಪಾಯವಿದೆ. ಸಿರೊಟೋನಿನ್ ಹೆಚ್ಚಿಸುವ ಖಿನ್ನತೆಯ ಔಷಧಿಗಳೊಂದಿಗೂ ಇದು ಹೊಂದುವುದಿಲ್ಲ. ಚುಚ್ಚುಮದ್ದಿನ ಬಳಿಕ ಮೂತ್ರ ಹಸಿರುನೀಲಿಯಾಗುತ್ತದೆ, ಮತ್ತು ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಸ್ವಲ್ಪ ಹೊತ್ತು ಆಮ್ಲಜನಕವನ್ನು ಇರುವುದಕ್ಕಿಂತ ಕಡಿಮೆಯಾಗಿ ತೋರಿಸುತ್ತದೆ.